ಹಳೇ ಡೀಸೆಲ್ ಕಾರು, ಬದಲಿಸದೇ ಬಿಟ್ಟ ಎಂಜಿನ್ ಆಯಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಪ್ಪನ ಕಾರು 2010ರದ್ದು. 1.3 ಲೀಟರ್ ಡೀಸೆಲ್. ತೀರ್ಥಹಳ್ಳಿ ಹತ್ತಿರದ ಊರಿನ ಮನೆಯಲ್ಲೇ ಇರುತ್ತದೆ. ಒಮ್ಮೆ ಉಡುಪಿಗೆ ಹೋಗಿ ಬರುವಾಗ ಆಗುಂಬೆ ಘಾಟಿ ಹತ್ತಿ ಮೇಲೆ ಬಂದು ಕಾಫಿಗೆ ನಿಲ್ಲಿಸಿದೆವು. ಎಂಜಿನ್ ಆರಿಸುವ ಮುಂಚೆ ನೋಡಿದರೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು. "ಆಯಿಲ್ ಯಾವಾಗ ಬದಲಿಸಿದ್ದು ಅಪ್ಪಾ?" ಅಂದೆ. "ಹೋದ ವರ್ಷ ಇರ್ಬೇಕು" ಅಂದರು. ಮನೆಗೆ ಬಂದು ಬಿಲ್ಲು ಹುಡುಕಿದರೆ ಮೂರು ವರ್ಷ ಎರಡು ತಿಂಗಳು!

ನಾನು ಮೆಕ್ಯಾನಿಕ್ ಅಲ್ಲ. ಆ ದೀಪದ ಹಿಂದೆ ಬಿದ್ದು ಗ್ಯಾರೇಜು ಸುತ್ತಿ ಕಲಿತದ್ದನ್ನು, ಆಮೇಲೆ ನೆಂಟರು ಸ್ನೇಹಿತರು ಫೋನ್ ಮಾಡಿ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಕಾರು ಹೆಚ್ಚು ಓಡೇ ಇಲ್ಲ. ಆದರೂ ಆಯಿಲ್ ಬದಲಿಸಬೇಕಾ?

ಬದಲಿಸಬೇಕು. ಅಪ್ಪನ ವಾದವೂ ಇದೇ ಆಗಿತ್ತು. ಮೂರು ವರ್ಷದಲ್ಲಿ ಕಾರು ಓಡಿದ್ದು 11,000 ಕಿಲೋಮೀಟರ್. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅಪ್ಪ ಮೊದಲರ್ಧ ಓದಿ, "ಸಾವಿರ ಕಿಲೋಮೀಟರ್ ಜಾಸ್ತಿ ಆಗಿದೆ ಅಷ್ಟೇ" ಅಂದರು. ಉಳಿದರ್ಧ ಓದಿದರೆ ಎರಡು ಸಲ ತಪ್ಪಿಸಿ ಮೂರನೆಯದೂ ದಾಟಿತ್ತು.

ಆ 11,000 ಕಿಲೋಮೀಟರ್ ಹೇಗೆ ಆಯಿತು ಅನ್ನುವುದೇ ಇಲ್ಲಿ ಮುಖ್ಯ. ಬೆಳಿಗ್ಗೆ ಡೈರಿಗೆ ಎರಡು ಕಿಲೋಮೀಟರ್. ಸೊಸೈಟಿಗೆ ನಾಲ್ಕು. ಎಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಊರು ಬಂತು, ಕಾರು ನಿಂತಿತು.

ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಹೊರಟುಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೆಳಗಿಳಿದು ಆಯಿಲ್ ಸೇರುತ್ತದೆ. ಅರ್ಧ ಗಂಟೆ ಓಡಿಸಿದರೆ ಆಯಿಲ್ ಕಾದು ಆ ನೀರು ಆರಿಹೋಗುತ್ತದೆ. ಎರಡು ಕಿಲೋಮೀಟರಿಗೆ ಆರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಕಷ್ಟ. ನೀರಿನ ಜೊತೆ ಉರಿಯದ ಡೀಸೆಲ್ಲೂ ಇಳಿಯುತ್ತದೆ. ಪೆಟ್ರೋಲ್ ಆದರೆ ಬಿಸಿಗೆ ಹಾರಿಹೋದೀತು, ಡೀಸೆಲ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅಲ್ಲೇ ಉಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ.

ಹಾಗಾಗಿ ಮನೆ ಮುಂದೆ ನಿಂತೇ ಇರುವ ಕಾರಿಗೆ ಆಯಿಲ್ ಖರ್ಚು ಕಡಿಮೆ ಅಂದುಕೊಳ್ಳಬೇಡಿ.

ಬೆಂಗಳೂರಿನಲ್ಲಿ ದಿನಾ ಓಡಿಸುತ್ತೇನೆ. ನನಗೆ 10,000 ಸಾಕಲ್ವಾ?

ಇಲ್ಲೊಂದು ಲೆಕ್ಕ ಹಾಕೋಣ. ಹೈವೇಯಲ್ಲಿ ಸರಾಸರಿ ಗಂಟೆಗೆ 60 ಕಿಲೋಮೀಟರ್ ಅಂದರೆ 10,000 ಕಿಲೋಮೀಟರಿಗೆ ಎಂಜಿನ್ ಓಡುವುದು ಸುಮಾರು 167 ಗಂಟೆ. ಸಿಲ್ಕ್ ಬೋರ್ಡ್ ಕಡೆ ದಿನಾ ಹೋಗಿಬರುವವರ ಸರಾಸರಿ 15 ಅಂತ ಇಟ್ಟುಕೊಳ್ಳಿ. ಅದೇ 10,000ಕ್ಕೆ 667 ಗಂಟೆ! ಮೀಟರಿನಲ್ಲಿ ಕಾಣುವ ಅಂಕಿ ಒಂದೇ. ಆಯಿಲ್ ಮಾತ್ರ ನಾಲ್ಕು ಪಟ್ಟು ಹೊತ್ತು ಬೆಂದಿರುತ್ತದೆ.

ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರ ಮೀಟರ್ ತೋರಿಸುವುದೇ ಗಂಟೆಯನ್ನು. 250 ಗಂಟೆಗೆ ಆಯಿಲ್ ಬದಲಿಸುವುದು ಟ್ರ್ಯಾಕ್ಟರುಗಳಲ್ಲಿ ಮಾಮೂಲಿ ಲೆಕ್ಕ. ಕಾರಿನವರು ಕಿಲೋಮೀಟರ್ ನಂಬಿ ಮೋಸ ಹೋಗುತ್ತಾರೆ. ಪಟ್ಟಣದಲ್ಲಿ ತೆವಳುವ ಹಳೇ ಡೀಸೆಲ್ ಕಾರಿಗೆ ನಾನಾದರೆ 5,000ದಿಂದ 7,000ದೊಳಗೆ ಬದಲಿಸುತ್ತೇನೆ. ಸರ್ವಿಸ್ ಪುಸ್ತಕಗಳಲ್ಲೂ "ಕಠಿಣ ಬಳಕೆ" ಅಂತ ಒಂದು ಬೇರೆ ಪಟ್ಟಿ ಇರುತ್ತದೆ. ಅದರಲ್ಲಿ ಧೂಳು, ಟ್ರಾಫಿಕ್, ಸಣ್ಣ ಓಡಾಟ ಎಲ್ಲ ಬರುತ್ತದೆ. ಅಂದರೆ ನಮ್ಮ ದಿನನಿತ್ಯದ ಓಡಾಟವೇ.

ಆಯಿಲ್ ಕಪ್ಪಗಾಗಿದೆ. ಹಾಳಾಗಿದೆ ಅಂತಲಾ?

ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಒಂದು ರೌಂಡ್ ಹೋಗಿಬಂದರೂ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ ಕಪ್ಪೇ ಕಾಣುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿ ಅದು. ಆ ಮಸಿಯನ್ನು ಗಂಟು ಕಟ್ಟದಂತೆ ಹಿಡಿದಿಟ್ಟುಕೊಳ್ಳುವ ರಾಸಾಯನಿಕ ಆಯಿಲಿನಲ್ಲೇ ಇರುತ್ತದೆ. ಮಸಿ ಆಯಿಲಿನಲ್ಲಿ ತೇಲುತ್ತಿದ್ದರೆ ಆಯಿಲ್ ಕೆಲಸ ಮಾಡುತ್ತಿದೆ ಅಂತ ಅರ್ಥ.

ತೊಂದರೆಯೂ ಇದರಲ್ಲೇ ಇದೆ. ಹತ್ತು ದಿನದ ಆಯಿಲೂ ಕಪ್ಪು, ಮೂರು ವರ್ಷದ ಆಯಿಲೂ ಕಪ್ಪು. ಕಣ್ಣಿಗೆ ವ್ಯತ್ಯಾಸ ಗೊತ್ತಾಗದ ಮೇಲೆ ಬರೆದಿಟ್ಟ ದಿನಾಂಕವನ್ನೇ ನಂಬಬೇಕು. ಬೆರಳಲ್ಲಿ ತಿಕ್ಕಿ ನೋಡಿ ಹೇಳುವವರು ಇದ್ದಾರೆ. ಮರಳಿನಂಥ ಕಣ ಸಿಕ್ಕರೆ, ಡೀಸೆಲ್ ವಾಸನೆ ಗಟ್ಟಿಯಾಗಿ ಬಂದರೆ ಅದು ಸುಳಿವೇ. ಏನೂ ಸಿಗಲಿಲ್ಲ ಅಂದರೆ ಆಯಿಲ್ ಚೆನ್ನಾಗಿದೆ ಅಂತ ಅರ್ಥವಲ್ಲ.

ಹಳೇ ಎಂಜಿನ್ನುಗಳು ಗಟ್ಟಿ, ಆಯಿಲ್ ತಡವಾದರೆ ಏನೂ ಆಗಲ್ಲ ಅಂತಾರಲ್ಲ?

ಎಷ್ಟು ಹಳೇದು ಅನ್ನುವುದರ ಮೇಲೆ ಹೋಗುತ್ತದೆ. ಡೀಸೆಲ್ ಅಂಬಾಸಡರ್, 1998ರಲ್ಲಿ ಬಂದ ಮೊದಲ ಇಂಡಿಕಾ, ಇವುಗಳಲ್ಲಿ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಇರಲಿಲ್ಲ. ಮೆತ್ತಗೆ ತಿರುಗುವ ಎಂಜಿನ್, ಒಳಗೆ ಸಂದಿಗಳೂ ಸ್ವಲ್ಪ ಸಡಿಲ. ಆಯಿಲ್ ಕೆಟ್ಟರೂ ಕುಂಟುತ್ತಾ ನಾಲ್ಕು ದಿನ ಓಡುತ್ತಿದ್ದವು. ನಮ್ಮಪ್ಪ ಕಾರು ಕಲಿತದ್ದು ಅಂಥದರಲ್ಲೇ.

2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಫಿಯಾಟ್ ವಿನ್ಯಾಸದ 1,248 ಸಿಸಿ ಎಂಜಿನ್. ಅಪ್ಪನ ಕಾರಿನ 1.3 ಲೀಟರ್ ಎಂಜಿನ್ನೂ ಇದೇ. ಅದೇ ಎಂಜಿನ್ ಡಿಜೈರ್, ಪುಂಟೊ, ಲಿನಿಯಾ, ಇಂಡಿಕಾ ವಿಸ್ಟಾಗಳಲ್ಲೂ ಬಂತು. ಕರ್ನಾಟಕದ ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತರೂ ಅದರ ಸದ್ದು ಕೇಳುತ್ತಿತ್ತು. ಗಟ್ಟಿ ಎಂಜಿನ್ನೇ, ಅನುಮಾನವಿಲ್ಲ. ಆದರೆ ಅದರಲ್ಲಿ ಟರ್ಬೊ ಇದೆ. ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದು ಆಯಿಲಿನ ಒತ್ತಡ. ವಾಲ್ವಿನ ಸಂದಿ ಸರಿಮಾಡುವುದೂ ಆಯಿಲೇ. ಅಂದರೆ ಆಯಿಲ್ ಅಲ್ಲಿ ಬರೀ ಜಾರಿಕೆಗೆ ಇರುವ ಎಣ್ಣೆಯಲ್ಲ, ಕೆಲಸ ಮಾಡುವ ಕೈಯೂ ಹೌದು. ಅಂಬಾಸಡರಿನ ಧೈರ್ಯವನ್ನು ಇದರ ಮೇಲೆ ತೋರಿಸಬಾರದು.

ಬದಲಿಸದೇ ಬಿಟ್ಟರೆ ಒಳಗೆ ನಿಜಕ್ಕೂ ಏನಾಗುತ್ತದೆ?

ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಹಾಗಾಗಿಯೇ ಬಿಡುತ್ತೇವೆ.

ಮೊದಲು ಆಯಿಲಿನೊಳಗಿನ ರಾಸಾಯನಿಕಗಳು ಸವೆಯುತ್ತವೆ. ಡೀಸೆಲಿನಲ್ಲಿ ಗಂಧಕ ಇರುತ್ತದೆ. ಅದು ಉರಿದು ನೀರು ಸೇರಿದರೆ ಆಮ್ಲ. ಆ ಆಮ್ಲವನ್ನು ತಣಿಸಲು ಆಯಿಲಿಗೆ ಕ್ಷಾರ ಬೆರೆಸಿರುತ್ತಾರೆ. ಮಾಲಿನ್ಯ ನಿಯಂತ್ರಣದ ಭಾರತ್ ಸ್ಟೇಜ್ 3, ಅಂದರೆ ಬಿಎಸ್3 ಕಾಲದ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇರಬಹುದಿತ್ತು. ಬಿಎಸ್4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲಿನಿಂದ ದೇಶವೆಲ್ಲ ಬಿಎಸ್6, ಈಗ 10 ಅಷ್ಟೇ. ಇದು ಹಳೇ ಕಾರುಗಳಿಗೂ ಪುಕ್ಕಟೆ ಸಿಕ್ಕ ಲಾಭ. ಆದರೆ ಮಸಿ, ನೀರು, ಶಾಖ ಹಾಗೇ ಇವೆ.

ಕ್ಷಾರ ಮುಗಿಯಿತು, ಮಸಿ ಹಿಡಿಯುವ ಶಕ್ತಿಯೂ ಮುಗಿಯಿತು ಅಂದರೆ ಮಸಿ ಗಂಟು ಕಟ್ಟಲು ಶುರು. ಶಾಖಕ್ಕೆ ಆಯಿಲ್ ದಪ್ಪಗಾಗುತ್ತದೆ. ಬಾಣಲೆಯಲ್ಲಿ ವಾರಗಟ್ಟಲೆ ಕಾಯಿಸಿದ ಕರಿದ ಎಣ್ಣೆ ನೋಡಿದ್ದೀರಲ್ಲ, ಅಂಚಿಗೆ ಅಂಟಂಟಾಗಿ ಹಿಡಿದುಕೊಳ್ಳುತ್ತದಲ್ಲ, ಅದೇ ಥರ. ಈ ಕೆಸರು ಎಲ್ಲ ಕಡೆ ಕೂರುತ್ತದೆ. ಆದರೆ ಪ್ರಾಣ ತೆಗೆಯುವುದು ಒಂದು ಜಾಗದಲ್ಲಿ ಕೂತಾಗ.

ಎಂಜಿನ್ನಿನ ಕೆಳಗೆ ಆಯಿಲ್ ತುಂಬಿಕೊಂಡಿರುವ ತಟ್ಟೆ ಇದೆ. ಗ್ಯಾರೇಜಿನವರು ಚೇಂಬರ್ ಅನ್ನುತ್ತಾರೆ, ಪುಸ್ತಕದಲ್ಲಿ ಸಂಪ್. ನಮ್ಮ ಮನೆಗಳ ನೀರಿನ ಸಂಪಿನ ಹಾಗೇ. ಅದರ ತಳದಿಂದ ಪಂಪು ಆಯಿಲ್ ಎಳೆಯುವ ಬಾಯಿಗೆ ಒಂದು ಜಾಲರಿ. ಕೆಸರು ಆ ಜಾಲರಿಗೆ ಮೆತ್ತಿದರೆ ಚೇಂಬರ್ ತುಂಬ ಆಯಿಲ್ ಇದ್ದರೂ ಮೇಲಕ್ಕೆ ಬರುವುದಿಲ್ಲ. ಟ್ಯಾಂಕಿ ತುಂಬಿದೆ, ನಲ್ಲಿಯಲ್ಲಿ ನೀರಿಲ್ಲ ಅನ್ನುವ ಸ್ಥಿತಿ. ನಮ್ಮ ಕಾರಿನ ಚೇಂಬರ್ ಬಿಚ್ಚಿದಾಗ ಜಾಲರಿ ಅರ್ಧಕ್ಕರ್ಧ ಮುಚ್ಚಿತ್ತು. ಅಪ್ಪ ಕಡ್ಡಿ ತೆಗೆದು "ಆಯಿಲ್ ಫುಲ್ ಇದೆ ನೋಡು" ಅಂತ ತೋರಿಸಿದ್ದು ಸುಳ್ಳಾಗಿರಲಿಲ್ಲ.

ಕಡಿಮೆಯಾದಾಗ ಟಾಪ್ ಅಪ್ ಮಾಡುತ್ತಾ ಇದ್ದೇನೆ. ಅದು ಸಾಲದಾ?

ಸಾಲದು. ಹಳಸಿದ ಸಾರಿಗೆ ಮೇಲೆ ಒಂದು ಸೌಟು ಹೊಸ ಸಾರು ಹಾಕಿದರೆ ಸರಿಹೋಗುತ್ತದಾ?

ಆ ಕೆಂಪು ದೀಪ ಹತ್ತಿಕೊಂಡರೆ ಮನೆವರೆಗೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದಾ?

ಬೇಡ. ಡ್ಯಾಶ್‌ಬೋರ್ಡಿನ ಬಹಳ ದೀಪಗಳಿಗೆ ನಾಳೆ ನೋಡೋಣ ಅನ್ನಬಹುದು. ಅಲ್ಲಾವುದ್ದೀನನ ದೀಪದಂತೆ ಕಾಣುವ ಇದಕ್ಕೆ ಮಾತ್ರ ಅನ್ನಬಾರದು. ಇದು ಹೇಳುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಆಯಿಲಿನ ಒತ್ತಡ ಇಲ್ಲ ಅಂತ. ಓಡುವಾಗ ಹತ್ತಿಕೊಂಡರೆ ಪಕ್ಕಕ್ಕೆ ತಂದು ಎಂಜಿನ್ ಆರಿಸಿ. ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ. ಕಡಿಮೆ ಇದ್ದರೆ ಹಾಕಿ, ದೀಪ ಆರುತ್ತದಾ ನೋಡಿ. ಮಟ್ಟ ಸರಿಯಿದ್ದೂ ದೀಪ ಹತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋಯಿಂಗ್ ಗಾಡಿ ಕರೆಸಿ. ಒತ್ತಡವಿಲ್ಲದೆ ಓಡಿದರೆ ಬೇರಿಂಗ್ ಕಚ್ಚಿಕೊಳ್ಳಲು ಕೆಲವು ನಿಮಿಷ ಸಾಕು.

ನಮ್ಮದರ ಹಾಗೆ ಎಂಜಿನ್ ಚೆನ್ನಾಗಿ ಕಾದು ಐಡಲಿನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ತಿರುಗುತ್ತಾ) ಇದ್ದಾಗ ಮಾತ್ರ ಮಿಣುಕುವುದು ಮೊದಲ ಸುಳಿವು. ಬಿಸಿ ಆಯಿಲ್ ತೆಳುವಾಗಿರುತ್ತದೆ, ಪಂಪೂ ನಿಧಾನ ತಿರುಗುತ್ತಿರುತ್ತದೆ. ಒತ್ತಡ ಬೀಳುವುದು ಅಲ್ಲೇ ಮೊದಲು.

ನಾವು ಮೊದಲು ಹೋದ ಗ್ಯಾರೇಜಿನಲ್ಲಿ "ಸೆನ್ಸರ್ ಹೋಗಿದೆ ಸಾರ್" ಅಂತ ಅದನ್ನು ಬದಲಿಸಿ ಕಳಿಸಿದರು. ವಾರದಲ್ಲಿ ದೀಪ ವಾಪಸ್. ಸೆನ್ಸರ್ ಹೋಗುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಸೆನ್ಸರ್ ತೆಗೆದ ತೂತಿಗೇ ಮುಳ್ಳಿನ ಗೇಜು ಹಾಕಿ ಒತ್ತಡ ನೋಡಬಹುದು. ಅದಕ್ಕೆ ಕಾಲು ಗಂಟೆಯ ಕೆಲಸ. ನೋಡದೇ ಸೆನ್ಸರ್ ಬದಲಿಸುವವರ ಹತ್ತಿರ, "ಒಮ್ಮೆ ಗೇಜು ಹಾಕಿ ನೋಡ್ತೀರಾ?" ಅಂತ ಕೇಳಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗರಗರ ಸದ್ದು, ಆಮೇಲೆ ನಿಲ್ಲುತ್ತದೆ. ಇದಕ್ಕೂ ಆಯಿಲಿಗೂ ಸಂಬಂಧ ಇದೆಯಾ?

ಚೈನ್ ಇರುವ ಎಂಜಿನ್ ಆದರೆ ಬಹಳ ಸಲ ಇದೆ. ಚೈನನ್ನು ಬಿಗಿ ಹಿಡಿಯುವ ಟೆನ್ಶನರಿಗೆ ಆಯಿಲ್ ತಡವಾಗಿ ತಲುಪುತ್ತಿರಬಹುದು, ಇಲ್ಲವೇ ಚೈನೇ ಸವೆದು ಉದ್ದವಾಗಿರಬಹುದು. ಚೈನಿಗೆ ಆಯಸ್ಸು ಪೂರ್ತಿ ಬದಲಿಸೋದೇ ಬೇಡ ಅನ್ನುವ ಮಾತು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಕಾರಿಗೆ ಹೇಳಿದ್ದು. ಮಸಿ ತುಂಬಿದ ಆಯಿಲ್ ಚೈನಿನ ಪಿನ್ನುಗಳನ್ನು ಉಪ್ಪುಕಾಗದದ ಹಾಗೆ ತಿಕ್ಕುತ್ತದೆ. ಚೈನ್ ಒಂದು ಹಲ್ಲು ಹಾರಿದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುವ ಅಪಾಯ. ಆಮೇಲೆ ಎಂಜಿನ್ನಿನ ಮೇಲ್ಭಾಗವನ್ನೇ, ಅಂದರೆ ಹೆಡ್ ಇಳಿಸಬೇಕು. ನಾವು ಚೈನ್, ಟೆನ್ಶನರ್ ಎರಡೂ ಬದಲಿಸಿದೆವು. ಚೇಂಬರ್ ಕೆಲಸವೂ ಸೇರಿ ಸುಮಾರು 30,000 ರೂಪಾಯಿ ಆಯಿತು. ತಪ್ಪಿಸಿದ ಮೂರು ಆಯಿಲ್ ಚೇಂಜಿನ ದುಡ್ಡು ಅದರ ಮುಂದೆ ಏನೂ ಅಲ್ಲ. ಅಪ್ಪ ಬಿಲ್ಲು ನೋಡಿ ಏನೂ ಮಾತಾಡಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ತೋಟಕ್ಕೆ ಹೋದರು.

ಇಷ್ಟು ದಿನ ಬಿಟ್ಟಿದ್ದೀರಿ, ಈಗ ಬದಲಿಸಿದರೇ ಎಂಜಿನ್ ಹೋಗುತ್ತೆ ಅಂತಾರೆ. ನಿಜವಾ?

ಇದು ಅರ್ಧ ಸತ್ಯ. ಹೊಸ ಆಯಿಲ್ ಹಾಕಿದ್ದರಿಂದ ಎಂಜಿನ್ ಕೆಡುವುದಿಲ್ಲ. ಆದರೆ ಹೊಸ ಆಯಿಲಿನಲ್ಲಿ ತೊಳೆಯುವ ರಾಸಾಯನಿಕ ಹೊಸದಾಗಿ ಬಂದಿರುತ್ತದೆ. ಅದು ಹಳೇ ಕೆಸರನ್ನು ಬಿಡಿಸುತ್ತದೆ. ಬಿಟ್ಟುಕೊಂಡ ಕೆಸರು ಜಾಲರಿಗೆ ಹೋಗಿ ಕೂರಬಹುದು. ಸವೆದ ಸೀಲಿನ ಸಂದಿಯಲ್ಲಿ ಗಟ್ಟಿಯಾಗಿದ್ದ ಕೊಳೆ ಕರಗಿ ಅಲ್ಲಲ್ಲಿ ಆಯಿಲ್ ಜಿನುಗಬಹುದು. ನೋಡಿದವರು "ನೋಡಿ, ಬದಲಿಸಿದ್ದಕ್ಕೇ ಹೀಗಾಯ್ತು" ಅನ್ನುತ್ತಾರೆ. ಸೀಲ್ ಸವೆದಿದ್ದು ಮೊದಲೇ. ಗೊತ್ತಾಗಿದ್ದು ಈಗ, ಅಷ್ಟೇ.

ಬದಲಿಸಿ. ಆದರೆ ಅವಸರ ಮಾಡಬೇಡಿ.

ಎಂಜಿನ್ ಫ್ಲಶ್ (ಒಳಗೆ ತೊಳೆಯುವ ದ್ರವ) ಹಾಕಿಸಲಾ? ಡೀಸೆಲ್ ಹಾಕಿ ತೊಳೆಯುವುದು?

ಸ್ವಲ್ಪ ತಡವಾದ ಕಾರಿಗೆ ಒಳ್ಳೆಯ ಫ್ಲಶ್ ಹಾಕಿದರೆ ನಷ್ಟವೇನಿಲ್ಲ, ಅಗತ್ಯವೂ ಇಲ್ಲ. ಎರಡು ಮೂರು ವರ್ಷ ಬಿಟ್ಟ ಕಾರಿಗೆ ಮಾತ್ರ ನಾನು ಖಂಡಿತ ಬೇಡ ಅನ್ನುತ್ತೇನೆ. ಹತ್ತು ನಿಮಿಷದಲ್ಲಿ ಕೆಸರೆಲ್ಲ ಒಟ್ಟಿಗೇ ಕಿತ್ತುಬಂದರೆ ಅದು ಹೋಗುವುದು ಎಲ್ಲಿಗೆ? ಅದೇ ಜಾಲರಿಗೆ, ಟರ್ಬೊಗೆ ಹೋಗುವ ಸಣ್ಣ ಪೈಪಿಗೆ. ಕಟ್ಟಿಕೊಂಡ ಚರಂಡಿಗೆ ಒಮ್ಮೆಲೇ ಕೊಡಗಟ್ಟಲೆ ನೀರು ಸುರಿದ ಹಾಗೆ.

ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಎಂಜಿನ್ ಓಡಿಸಿ ತೊಳೆಯುವ ಹಳೇ ಪದ್ಧತಿಯೂ ಇದೆ. ಟರ್ಬೊ ಇರುವ ಎಂಜಿನ್ನಿಗೆ ಇದು ಬೇಡವೇ ಬೇಡ. ತೆಳುವಾದ ದ್ರವ ಬೇರಿಂಗನ್ನು ಕಾಪಾಡುವುದಿಲ್ಲ.

ಹಾಗಾದರೆ ದಾರಿ ಏನು?

ನಾವು ಮಾಡಿದ್ದು ಹೇಳುತ್ತೇನೆ. ಎರಡನೇ ಗ್ಯಾರೇಜಿನ ಮೆಕ್ಯಾನಿಕ್ ವಯಸ್ಸಾದವರು. ಮೊದಲು ಆಯಿಲ್ ಹಾಕುವ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಡಾಂಬರಿನ ಹಾಗೆ ಹಿಡಿದಿತ್ತು. "ಚೇಂಬರ್ ಇಳಿಸ್ದೆ ನಾನು ಮುಟ್ಟಲ್ಲ" ಅಂದರು. ಕಾರನ್ನು ಸ್ವಲ್ಪ ಓಡಿಸಿ ಬಿಸಿ ಮಾಡಿ ಹಳೇ ಆಯಿಲ್ ಇಳಿಸಿದರು. ಬಿಸಿ ಇದ್ದರೆ ಮಸಿಯೂ ಜೊತೆಗೆ ಬರುತ್ತದೆ. ಚೇಂಬರ್ ಬಿಚ್ಚಿ ಕೈಯಲ್ಲಿ ಉಜ್ಜಿ, ಜಾಲರಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದರು. ಹೊಸ ಫಿಲ್ಟರ್. ಮೊದಲ ಸಲಕ್ಕೆ ದುಬಾರಿ ಆಯಿಲ್ ಬೇಡ, ಸರಿಯಾದ ದರ್ಜೆಯದು ಸಾಕು ಅಂದರು.

1,000 ಕಿಲೋಮೀಟರಿಗೆ ಮತ್ತೆ ಬದಲಾವಣೆ, ಫಿಲ್ಟರ್ ಸಮೇತ. ಆಮೇಲೆ 2,500ಕ್ಕೆ ಇನ್ನೊಮ್ಮೆ. ಇಳಿಸಿದ ಆಯಿಲ್ ಪ್ರತಿ ಸಲವೂ ಸ್ವಲ್ಪ ತೆಳ್ಳಗೆ, ಗಂಟಿಲ್ಲದೆ ಬಂತು. ಮೂರನೇ ಸಲ ಮುಚ್ಚಳದ ಕೆಳಗೆ ಲೋಹದ ಬಣ್ಣ ಕಾಣಿಸತೊಡಗಿತು. ಆಮೇಲೆ ಮಾಮೂಲಿ ಲೆಕ್ಕ. ಕೆಸರು ಕೂರಲು ಮೂರು ವರ್ಷ ತೆಗೆದುಕೊಂಡಿದೆ. ಹೋಗಲು ಮೂರು ತಿಂಗಳಾದರೂ ಕೊಡಬೇಕಲ್ವಾ?

ಬ್ರೀದರ್ ಪೈಪನ್ನೂ ಆಗಲೇ ಬಿಚ್ಚಿ ನೋಡಿಸಿ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲುಗಳ ಮೂಲಕ ಹೊರಗೆ ನೂಕುತ್ತದೆ.

ಯಾವ ಆಯಿಲ್ ಹಾಕಬೇಕು?

ಪುಸ್ತಕದಲ್ಲಿ ಇರುವುದು. ಅಷ್ಟೇ. ಪುಸ್ತಕ ಕಳೆದಿದ್ದರೆ ಅದೇ ಕಾರಿನ ಪುಸ್ತಕ ಅಂತರ್ಜಾಲದಲ್ಲಿ ಸಿಗುತ್ತದೆ.

ಡಬ್ಬದ ಮೇಲಿನ ಅಂಕಿ ಓದಲು ಕಲಿತರೆ ಯಾರೂ ಯಾಮಾರಿಸಲು ಆಗುವುದಿಲ್ಲ. 15ಡಬ್ಲ್ಯೂ-40 ಅಂದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಡಬ್ಲ್ಯೂ ಅಂದರೆ ಚಳಿಗಾಲ. ಎರಡನೇ ಅಂಕಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಹಳೇ ಎಂಜಿನ್ನುಗಳಲ್ಲಿ 15ಡಬ್ಲ್ಯೂ-40 ಸಾಮಾನ್ಯ. ಆಮೇಲಿನ ಸಣ್ಣ ಟರ್ಬೊ ಡೀಸೆಲುಗಳಲ್ಲಿ 5ಡಬ್ಲ್ಯೂ-30, 5ಡಬ್ಲ್ಯೂ-40 ಜಾಸ್ತಿ. ಹಳೇ ಎಂಜಿನ್ ಅಂತ ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸುವವರಿದ್ದಾರೆ. ಸದ್ದು ಅಡಗುತ್ತದೆ, ಹೌದು. ಚೈನಿಗೆ, ಟರ್ಬೊಗೆ ಆಯಿಲ್ ತಲುಪುವುದೂ ತಡವಾಗುತ್ತದೆ.

ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಅಂತ ಬರೆದ ಕಡೆ ಸಿ ಅಕ್ಷರದಿಂದ ಶುರುವಾಗುವ ದರ್ಜೆ ಡೀಸೆಲಿನದು. ಸಿಎಫ್-4, ಸಿಎಚ್-4, ಸಿಐ-4 ಹೀಗೆ ಮುಂದೆ ಹೋದಂತೆ ಹೊಸದು. ಎಸ್ ಮಾತ್ರ ಇದ್ದರೆ ಅದು ಪೆಟ್ರೋಲಿನದು. ನಿಮ್ಮ ಕಾರು ಬಿಎಸ್6 ಆಗಿದ್ದು ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದ್ದರೆ ಕಡಿಮೆ ಬೂದಿಯ ಆಯಿಲೇ ಬೇಕು. ಬೇರೆ ಹಾಕಿದರೆ ಆ ಡಿಪಿಎಫ್ ಕಟ್ಟಿಕೊಳ್ಳುತ್ತದೆ.

ಆಯಿಲ್ ಮಾತ್ರ ಬದಲಿಸಿ ಫಿಲ್ಟರ್ ಮುಂದಿನ ಸಲ ನೋಡೋಣ ಅಂದರೆ?

ಫಿಲ್ಟರ್ ಕಟ್ಟಿಕೊಂಡರೆ ಆಯಿಲ್ ನಿಲ್ಲಬಾರದು ಅಂತ ಅಡ್ಡದಾರಿಯ ಒಂದು ವಾಲ್ವ್ ಇಟ್ಟಿರುತ್ತಾರೆ. ಅದು ತೆರೆದುಕೊಂಡರೆ ಸೋಸದ ಆಯಿಲ್ ನೇರ ಬೇರಿಂಗಿಗೆ. ಕೆಲವು ನೂರು ರೂಪಾಯಿಯ ಸಾಮಾನಿಗೆ ಜಿಪುಣತನ ಬೇಡ. ಆಯಿಲ್ ಇಳಿಸುವ ಬೋಲ್ಟಿನ ವಾಷರೂ ಹೊಸದೇ ಹಾಕಿಸಿ. ಇಲ್ಲದಿದ್ದರೆ ಮನೆ ಅಂಗಳದಲ್ಲಿ ತೊಟ್ಟು ತೊಟ್ಟು ಕಪ್ಪು ಚುಕ್ಕಿ.

ಟರ್ಬೊ ಹೋಗಿದೆ ಅಂತಾರೆ. ಆಯಿಲ್ ಬದಲಿಸದ್ದಕ್ಕೇನಾ?

ಬಹಳ ಸಲ ಹೌದು. ಟರ್ಬೊದೊಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲಿನ ಪದರ. ಒಂದು ಕಡೆ ಸೈಲೆನ್ಸರಿಗೆ ಹೋಗುವ ಬೆಂಕಿಯಂಥ ಹೊಗೆ. ಆಯಿಲ್ ತಲುಪುವ ಪೈಪೋ ಬಲು ಸಣ್ಣದು. ಕೆಸರಿಗೆ ಇಷ್ಟು ಸುಲಭದ ಬಲಿ ಇನ್ನೊಂದಿಲ್ಲ. ಹೊಸ ಟರ್ಬೊ ಹಾಕಿಸಿ, ಆ ಪೈಪನ್ನೂ ಆಯಿಲನ್ನೂ ಹಳೇದೇ ಬಿಟ್ಟರೆ ಹೊಸದೂ ಬೇಗ ಹೋಗುತ್ತದೆ. ಘಾಟಿ ಹತ್ತಿದ ಮೇಲೆ, ಹೈವೇ ಓಡಿದ ಮೇಲೆ ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಮೇಲೆ ಆರಿಸಿ. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗುವುದು ತಪ್ಪುತ್ತದೆ.

ಟರ್ಬೊ ಸೀಲ್ ಹೋದಾಗ ಅಪರೂಪಕ್ಕೆ ಇನ್ನೊಂದು ಆಗುತ್ತದೆ. ಇದು ತಿಳಿದಿರಲಿ. ಆಯಿಲ್ ನೇರವಾಗಿ ಎಂಜಿನ್ನಿನ ಗಾಳಿದಾರಿಗೆ ಸೋರಿ, ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಓಡಲು ಶುರು ಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ವೇಗ ತಾನೇ ಏರುತ್ತದೆ, ಹಿಂದೆ ದಟ್ಟ ಹೊಗೆ. ಗೇರಿನ ಕಾರಾದರೆ ಬ್ರೇಕ್ ಬಿಗಿಯಾಗಿ ಒತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಮುಂದೆ ಯಾರೂ ಇಲ್ಲ ಅಂತ ನೋಡಿ, ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಆಗಲಿಲ್ಲ ಅಂದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ತೆಗೆದು ಗಾಳಿಯ ಬಾಯಿಗೆ ಕೈ ಅಡ್ಡ ಇಡುವ ಸಾಹಸ ಯಾವತ್ತೂ ಬೇಡ.

ಆಯಿಲ್ ಮಟ್ಟ ತಾನೇ ಮೇಲೆ ಏರಿದೆ! ಹೇಗೆ?

ಆಯಿಲ್ ಹುಟ್ಟುವುದಿಲ್ಲ, ಏನೋ ಬೆರೆತಿದೆ. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿರಬಹುದು. ಬಿಎಸ್6 ಕಾರುಗಳಲ್ಲಿ ಡಿಪಿಎಫ್ ಸುಟ್ಟು ಶುಚಿಯಾಗುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೂ ಹೀಗಾಗುತ್ತದೆ. ಕಡ್ಡಿಯಲ್ಲೇ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ರೇಡಿಯೇಟರ್ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು, ಓಡಿಸಬಾರದು. ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಕಡ್ಡಿ ಚೆನ್ನಾಗಿದ್ದರೆ ಮಳೆಗಾಲದ ತೇವ ಇರಬಹುದು. ಒಂದು ಉದ್ದ ಪ್ರಯಾಣ ಹೋಗಿಬಂದು ಮತ್ತೆ ನೋಡಿ.

ನಕಲಿ ಆಯಿಲ್ ಹೇಗೆ ತಪ್ಪಿಸಿಕೊಳ್ಳುವುದು?

ನಿಮ್ಮ ಎದುರಿಗೇ ಸೀಲ್ ಒಡೆಸಿ. ಖಾಲಿ ಡಬ್ಬ ಬಿಟ್ಟು ಬರಬೇಡಿ, ಬಿಡುವುದಾದರೆ ತೂತು ಮಾಡಿ ಬಿಡಿ. ಚೆನ್ನಾಗಿರುವ ಖಾಲಿ ಡಬ್ಬಕ್ಕೂ ಬೆಲೆ ಇದೆ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋಗುತ್ತಿದ್ದೇನೆ. ಏನು ನೋಡಲಿ?

ಕಾರು ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದರೇ ಗೊತ್ತಾಗುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಮುಚ್ಚಳ ತೆಗೆದು ಟಾರ್ಚ್ ಹಾಕಿ. ಕಪ್ಪು ಆಯಿಲ್ ಇರಲಿ ಪರವಾಗಿಲ್ಲ, ಕೆರೆದರೆ ಏಳುವಂಥ ಪದರ ಇರಬಾರದು. ಸ್ಟಾರ್ಟ್ ಆದ ಮೊದಲ ಎರಡು ಸೆಕೆಂಡ್ ಕಿವಿ ಕೊಡಿ. ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಮುಚ್ಚಳ ಸಡಿಲಿಸಿ ಮೇಲೇ ಇಡಿ. ಸ್ವಲ್ಪ ಅಲುಗಿದರೆ ಸರಿ. ಹಾರಿ ಬೀಳುವ ಹಾಗೆ ಕುಣಿದರೆ, ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗು, ಪಿಸ್ಟನ್ ಓಡಾಡುವ ಬೋರು ಸವೆದಿವೆ ಅಂತ ಅನುಮಾನ ಪಡಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಎಮಿಷನ್ ಟೆಸ್ಟ್ ಚೀಟಿ ನಂಬಿ ಎಂಜಿನ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಆಯಿಲ್ ಚೇಂಜಿನ ಬಿಲ್ಲುಗಳು, ದಿನಾಂಕ ಸಮೇತ, ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಇಳಿಸಿದ ಹಳೇ ಆಯಿಲ್ ಏನು ಮಾಡುವುದು?

ಚರಂಡಿಗೆ, ತೋಟಕ್ಕೆ ಸುರಿಯಬೇಡಿ. 2016ರ ಕೇಂದ್ರದ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಗ್ಯಾರೇಜಿನಲ್ಲಿ ಬ್ಯಾರಲಿಗೆ ತುಂಬಿ, ಪರವಾನಗಿ ಇರುವ ಶುದ್ಧೀಕರಣದವರಿಗೆ ಕೊಡಬೇಕು. ಊರ ಕಡೆ ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುತ್ತಾರೆ. ಮನೆ ಕಟ್ಟುವವರು ಸೆಂಟ್ರಿಂಗ್ ಶೀಟಿಗೆ ಸವರುತ್ತಾರೆ. ಅಪ್ಪನೂ ಗೂಟಕ್ಕೆ ಅಂತ ಒಂದು ಕ್ಯಾನ್ ತಂದಿಟ್ಟಿದ್ದರು. ನಮ್ಮ ಬಾವಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ಜಗಳವಾಡಿ ವಾಪಸ್ ಕಳಿಸಿದೆ.

ಇಷ್ಟು ಹಳೇ ಕಾರಿಗೆ ದುಡ್ಡು ಸುರಿಯುವುದು ದಂಡ ಅಲ್ವಾ?

ಬೋರ್ ಸವೆದು, ಬೇರಿಂಗ್ ಸದ್ದು ಮಾಡುತ್ತಿದ್ದರೆ ದಂಡವೇ. ಮಾರಿಬಿಡಿ. ಎಂಜಿನ್ ಇನ್ನೂ ಗಟ್ಟಿಯಿದ್ದು ಕೆಸರು ಮಾತ್ರ ಇದ್ದರೆ ಉಳಿಸಿಕೊಳ್ಳಿ. ಕರ್ನಾಟಕದಲ್ಲಿ 15 ವರ್ಷ ಆದ ಕಾರಿಗೆ ಎಫ್‌ಸಿ ಮಾಡಿಸಿ ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಬಹುದು. ನಮ್ಮದನ್ನು ಹಾಗೇ ಮಾಡಿಸಿದೆವು. ಮಾರುತಿಯವರು 2020ರಲ್ಲಿ ಡೀಸೆಲ್ ಕಾರನ್ನೇ ಬಿಟ್ಟರು. ಆದರೂ ಈ ಎಂಜಿನ್ನಿನ ಸಾಮಾನು ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತದೆ.

ಮುಂದಿನ ದಿನಾಂಕ ನೆನಪಿಟ್ಟುಕೊಳ್ಳುವುದು ಹೇಗೆ?

ಮೊಬೈಲಿನಲ್ಲಿ ಅಲಾರ್ಮ್ ಇಡಬಹುದು. ನಮ್ಮನೆಯಲ್ಲಿ ಅದು ನಡೆಯಲಿಲ್ಲ. ಈಗ ಆಯುಧ ಪೂಜೆಗೆ ಕಟ್ಟಿದ್ದೇವೆ. ಹೇಗೂ ಅವತ್ತು ಕಾರು ತೊಳೆದು, ಹೂವು ಹಾಕಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅದರ ಹಿಂದಿನ ವಾರ ಆಯಿಲ್, ಫಿಲ್ಟರ್. ಮಳೆಗಾಲದ ತೇವ ಕುಡಿದ ಆಯಿಲ್ ಆಗಲೇ ಹೊರಗೆ ಹೋಗುತ್ತದೆ, ಹೊತ್ತೂ ಸರಿಯಾಗಿ ಕೂಡಿಬರುತ್ತದೆ. ಹೋದ ಸಲ ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಅಪ್ಪ ಫೋನ್ ಮಾಡಿದ್ದರು. "ಫಿಲ್ಟರ್ ತಂದಿಟ್ಟಿದೀನಿ ಮಾರಾಯ. ಆಯಿಲ್ ನೀನೇ ಅಲ್ಲಿಂದ ತಗೊಂಡು ಬಾ. ಡಬ್ಬದ ಮೇಲೆ ಏನ್ ಬರ್ದಿದಾರೆ ಅಂತ ಸರಿಯಾಗಿ ಓದಿ ತಗೋ."